ಮನೆಯಲ್ಲೇ ತಾಜಾ ಪಾಸ್ತಾ: ಎಲ್ಲವೂ ಹಿಟ್ಟಿನ ಹದದಲ್ಲಿದೆ

ಪಾಸ್ತಾ ಹಿಟ್ಟು ಕಲಸುವಾಗ ಹೆಚ್ಚಿನವರ ಕೈ ತಪ್ಪುವುದು ಒಂದೇ ಕಡೆ. ಮೊದಲ ಎರಡು ಮೂರು ನಿಮಿಷ ಹಿಟ್ಟು ಪುಡಿಪುಡಿಯಾಗಿ, ಒಂದಕ್ಕೊಂದು ಕೂಡಿಕೊಳ್ಳದೆ ಸತಾಯಿಸುತ್ತದೆ. ಇದು ಆಗಿಬರುವುದಲ್ಲ ಎಂದು ಹೆದರಿ ಇನ್ನೊಂದು ಮೊಟ್ಟೆಯನ್ನೋ ಕಾಲು ಲೋಟ ನೀರನ್ನೋ ಸುರಿದುಬಿಡುತ್ತಾರೆ. ಹತ್ತು ನಿಮಿಷ ಕಳೆದ ಮೇಲೆ ಅದೇ ಹಿಟ್ಟು ಮೆತ್ತಗಾಗಿ ಮಣೆಗೆ ಮೆತ್ತಿಕೊಳ್ಳುತ್ತದೆ. ಲಟ್ಟಿಸಿದರೆ ಹರಿಯುತ್ತದೆ, ಕತ್ತರಿಸಿದ ಎಳೆಗಳು ಮತ್ತೆ ಒಂದಾಗಿ ಅಂಟಿಕೊಳ್ಳುತ್ತವೆ. ಪಾಸ್ತಾ ಹಿಟ್ಟು ಗಟ್ಟಿಯಾಗಿರಬೇಕು, ನಾದುವಾಗ ಅಂಗೈಗೆ ತುಸು ಕಷ್ಟವೇ ಆಗಬೇಕು. ಈ ಗಟ್ಟಿತನವನ್ನು ಒಪ್ಪಿಕೊಂಡರೆ ಮುಂದಿನ ಕೆಲಸವೆಲ್ಲ ಸಲೀಸು.

ಅಳತೆ

ಮೂರು ಜನರ ಊಟಕ್ಕೆ 300 ಗ್ರಾಂ ಮೈದಾ, ಮೂರು ಮೊಟ್ಟೆ. ನೂರು ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ ಎಂಬುದು ಇಟಲಿಯ ಎಮಿಲಿಯಾ-ರೊಮಾನ್ಯಾ ಸೀಮೆಯ ಲೆಕ್ಕ. ನೆನಪಿಡಲು ಸುಲಭ, ಕಣ್ಣುಮುಚ್ಚಿ ನಂಬಲು ಆಗದು. ಸಿಪ್ಪೆ ಬಿಟ್ಟರೆ ಒಂದು ಮೊಟ್ಟೆ 42 ಗ್ರಾಂ ತೂಗಬಹುದು, ಇನ್ನೊಂದು 58 ಗ್ರಾಂ. ಮೂರು ಮೊಟ್ಟೆ ಸೇರಿದರೆ ವ್ಯತ್ಯಾಸ 48 ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಇಡೀ ಮೊಟ್ಟೆ. ಆದ್ದರಿಂದ ಮೊಟ್ಟೆಗಳನ್ನು ಬಟ್ಟಲಿಗೆ ಒಡೆದು ತೂಕ ನೋಡಿ. 300 ಗ್ರಾಂ ಹಿಟ್ಟಿಗೆ 165 ಗ್ರಾಂ ಬೇಕು. ಕಡಿಮೆ ಬಿದ್ದರೆ ಒಂದು ಹಳದಿ ಸೇರಿಸಿ (ಒಂದು ಹಳದಿ 18 ಗ್ರಾಂ ಆಸುಪಾಸು), ಹೆಚ್ಚಾದರೆ ಬಿಳಿಯನ್ನು ಸ್ವಲ್ಪ ತೆಗೆದಿಡಿ. ಅಡುಗೆಮನೆಯ ಪುಟ್ಟ ಡಿಜಿಟಲ್ ತಕ್ಕಡಿ ಇಲ್ಲದಿದ್ದರೆ, ಪಾಸ್ತಾ ಯಂತ್ರಕ್ಕೆ ದುಡ್ಡು ಹಾಕುವ ಮೊದಲು ಅದನ್ನು ಕೊಳ್ಳುವುದು ಜಾಣತನ.

ಬಿಳಿ ಮತ್ತು ಹಳದಿ ಎರಡೂ ಬೇರೆಬೇರೆ ಕೆಲಸ ಮಾಡುತ್ತವೆ. ಬಿಳಿಯಲ್ಲಿ ಶೇ. 90ರ ಹತ್ತಿರ ನೀರು, ಉಳಿದದ್ದು ಹೆಚ್ಚಾಗಿ ಪ್ರೋಟೀನ್. ಬೇಯುವಾಗ ಅದು ಬಿಗಿಯಾಗಿ ಎಳೆಗೆ ಕಸುವು ಕೊಡುತ್ತದೆ. ಹಳದಿಯಲ್ಲಿ ನೀರು ಅರ್ಧದಷ್ಟೇ, ಮಿಕ್ಕದ್ದರಲ್ಲಿ ಕೊಬ್ಬಿನದೇ ದೊಡ್ಡ ಪಾಲು. ಬಣ್ಣ, ರುಚಿ, ಬಾಯಲ್ಲಿ ಕರಗುವ ನಯ ಬರುವುದು ಅದರಿಂದ. ಪಿಯೆಮಾಂಟೆ ಸೀಮೆಯ ತಾಯರಿನ್ ಎಂಬ ಸಣ್ಣ ಎಳೆಯ ಪಾಸ್ತಾಕ್ಕೆ ಒಂದು ಕಿಲೋ ಹಿಟ್ಟಿಗೆ 30-40 ಹಳದಿ ಹಾಕುವುದುಂಟು. ಮನೆಯಲ್ಲಿ ಅಷ್ಟು ದೂರ ಹೋಗಬೇಕಿಲ್ಲ. ಎರಡು ಇಡೀ ಮೊಟ್ಟೆಗೆ ಮೂರು ಹಳದಿ ಸೇರಿಸಿದರೂ ಹೆಚ್ಚುಕಡಿಮೆ ಇದೇ ತೂಕ ಬರುತ್ತದೆ, ರುಚಿ ಮಾತ್ರ ಒಂದು ಮೆಟ್ಟಿಲು ಮೇಲೇರುತ್ತದೆ.

ಇಟಲಿಯ ಪಾಕವಿಧಾನಗಳಲ್ಲಿ ಬರುವ 00 ಹಿಟ್ಟಿನ ಬಗ್ಗೆ ಒಂದು ಮಾತು. 00 ಎಂದರೆ ಹಿಟ್ಟಿನ ನುಣುಪು ಎಂದು ಹಲವರು ತಿಳಿದಿದ್ದಾರೆ. ಅಲ್ಲಿನ ಕಾನೂನು ಅಳೆಯುವುದು ಹಿಟ್ಟು ಸುಟ್ಟಾಗ ಉಳಿಯುವ ಬೂದಿಯನ್ನು. ಬೂದಿ ಕಡಿಮೆಯಾದಷ್ಟೂ ಹಿಟ್ಟಿನಲ್ಲಿ ಹೊಟ್ಟು ಕಡಿಮೆ, 00ಕ್ಕೆ ಮಿತಿ ಶೇ. 0.55. ಅದಿಲ್ಲವೆಂದು ಕೊರಗಬೇಡಿ, ಒಳ್ಳೆಯ ಮೈದಾ ಸಾಕು. ಹೊಟ್ಟು ಸಹಿತದ ಗೋಧಿ ಹಿಟ್ಟು ಬೆರೆಸಬೇಕೆಂದರೆ ಒಟ್ಟು ಹಿಟ್ಟಿನ ಮೂರನೇ ಒಂದು ಪಾಲಿಗೆ ನಿಲ್ಲಿಸಿ. ಅದರಲ್ಲಿರುವ ಹೊಟ್ಟು ನೀರನ್ನು ಹೆಚ್ಚು ಹೀರುತ್ತದೆ, ಗ್ಲೂಟನ್ (ಹಿಟ್ಟಿಗೆ ಹಿಗ್ಗುವ ಗುಣ ಕೊಡುವ ಗೋಧಿಯ ಪ್ರೋಟೀನ್) ಜಾಲವನ್ನು ನಡುನಡುವೆ ಕಡಿದುಹಾಕುತ್ತದೆ, ಹಾಳೆ ಅಂಚಿನಲ್ಲಿ ಸೀಳುತ್ತದೆ.

ಹಿಟ್ಟಿಗೆ ಉಪ್ಪು ಬೇಡ, ಅದು ಬೇಯಿಸುವ ನೀರಿಗೆ. ಎಣ್ಣೆಯೂ ಬೇಡ. ಎಣ್ಣೆ ಹಾಕಿದರೆ ನಾದುವುದು ಹಗುರವೆನಿಸುವುದು ನಿಜ, ಆದರೆ ಪಾಸ್ತಾದ ಕಸುವು ಅಷ್ಟರಮಟ್ಟಿಗೆ ತಗ್ಗುತ್ತದೆ.

ಮೊಟ್ಟೆ ತಿನ್ನದವರಿಗೆ

ಮೊಟ್ಟೆಯಿಲ್ಲದ ಪಾಸ್ತಾ ಎಂದರೆ ಏನೋ ಬಿಟ್ಟು ಮಾಡಿದ್ದು ಎಂದು ತಿಳಿಯಬೇಡಿ. ದಕ್ಷಿಣ ಇಟಲಿಯ ಹಳೆಯ ಪದ್ಧತಿಯೇ ಅದು: ಡ್ಯೂರಮ್ ಎಂಬ ಗಟ್ಟಿ ಕಾಳಿನ ಗೋಧಿಯ ನುಣ್ಣನೆಯ ರವೆ ಮತ್ತು ನೀರು, ಇನ್ನೇನಿಲ್ಲ. 300 ಗ್ರಾಂ ರವೆಗೆ 145 ಗ್ರಾಂ ಬೆಚ್ಚಗಿನ ನೀರು. ರವೆ ಎರಡು ಸಲ ಬೀಸಿದಷ್ಟು ಸಣ್ಣಗಿರಬೇಕು, ಬೆರಳ ಸಂದಿಯಲ್ಲಿ ಉಜ್ಜಿದರೆ ಒರಟು ತುಸುವೇ ತಿಳಿಯಬೇಕು. ನಿಮ್ಮಲ್ಲಿರುವುದು ದಪ್ಪ ರವೆಯಾದರೆ ಮಿಕ್ಸಿಯಲ್ಲಿ ಒಣಗಿದ್ದಂತೆಯೇ ತಿರುಗಿಸಿ ಜರಡಿ ಹಿಡಿಯಿರಿ. ನೀರು ಹಾಕಿ ಕಲಸಿ, ಮುಚ್ಚಿ ಹತ್ತು ನಿಮಿಷ ಬಿಟ್ಟು ಆಮೇಲೆ ನಾದಿ. ರವೆಯ ಕಣಕ್ಕೆ ನೀರು ಕುಡಿಯಲು ಅಷ್ಟು ಹೊತ್ತು ಬೇಕೇಬೇಕು.

ಈ ಹಿಟ್ಟು ತೆಳ್ಳನೆಯ ಹಾಳೆಗಿಂತ ಕೈಯಲ್ಲಿ ಮಾಡುವ ಸಣ್ಣ ಆಕಾರಗಳಿಗೆ ಹೇಳಿಮಾಡಿಸಿದ್ದು. ಪುಲಿಯಾ ಸೀಮೆಯ ಒರೆಕ್ಕಿಯೆತ್ತೆ, ಅಂದರೆ ಪುಟ್ಟ ಕಿವಿಗಳು, ಇದರಿಂದಲೇ ಆಗುತ್ತದೆ. ಹಿಟ್ಟನ್ನು ಬೆರಳು ಗಾತ್ರದ, ಒಂದು ಸೆಂ.ಮೀ. ದಪ್ಪದ ಹಗ್ಗದಂತೆ ಹೊಸೆಯಿರಿ. ಒಂದೊಂದು ಸೆಂ.ಮೀ.ಗೆ ಕತ್ತರಿಸಿ. ಒಂದು ತುಂಡಿನ ಮೇಲೆ ಮೊಂಡು ಚಾಕುವಿನ ಅಲಗನ್ನು ಒತ್ತಿ ನಿಮ್ಮ ಕಡೆಗೆ ಎಳೆದರೆ ಅದು ಅಲಗಿಗೆ ಸುತ್ತಿಕೊಂಡು ಸುರುಳಿಯಾಗುತ್ತದೆ. ಅದನ್ನು ಹೆಬ್ಬೆರಳ ತುದಿಯ ಮೇಲೆ ಹಿಂದುಮುಂದು ತಿರುವಿ ಹಾಕಿ. ಒಳಗಿನ ಒರಟು ಮೈ ಹೊರಗೆ ಬಂದು ಟೊಪ್ಪಿಗೆಯಂತಾಗುತ್ತದೆ, ಸಾಸ್ ಹಿಡಿದು ನಿಲ್ಲುವುದು ಆ ಒರಟಿನಲ್ಲೇ. ಮೊದಲ ಇಪ್ಪತ್ತು ಕಿವಿಗಳು ಸೊಟ್ಟಗಾಗುತ್ತವೆ. ಬೆಂದ ಮೇಲೆ ಯಾರೂ ಲೆಕ್ಕ ಇಡುವುದಿಲ್ಲ.

ಕಲಸುವುದು, ನಾದುವುದು

ಮಣೆಯ ಮೇಲೆ ಹಿಟ್ಟು ರಾಶಿ ಹಾಕಿ ನಡುವೆ ಅಗಲವಾದ ಗುಂಡಿ ಮಾಡಿ. ಗುಂಡಿ ಕಿರಿದಾಗಿ, ಗೋಡೆ ತೆಳ್ಳಗಾಗಿ ಇದ್ದರೆ ಮೊಟ್ಟೆ ಒಡೆದು ಹರಿದು ಮಣೆಯಂಚು ದಾಟಿ ನೆಲ ಸೇರುತ್ತದೆ. ಭಯವಿದ್ದರೆ ಅಗಲ ಪಾತ್ರೆಯಲ್ಲಿ ಕಲಸಿ, ರುಚಿಯೇನೂ ಕೆಡುವುದಿಲ್ಲ. ಗುಂಡಿಗೆ ಮೊಟ್ಟೆ ಹಾಕಿ ಫೋರ್ಕ್‌ನಿಂದ ಕಲಕುತ್ತಾ, ಒಳಗೋಡೆಯ ಹಿಟ್ಟನ್ನು ಸ್ವಲ್ಪ ಸ್ವಲ್ಪವೇ ಎಳೆದುಕೊಳ್ಳಿ. ಗಂಜಿಯಷ್ಟು ದಪ್ಪವಾದ ಮೇಲೆ ಮಿಕ್ಕ ಹಿಟ್ಟನ್ನು ಮೇಲೆ ಮಗುಚಿ ಕೈ ಹಾಕಿ.

ತಾಳ್ಮೆಯ ಪರೀಕ್ಷೆ ಈಗ. ಉಂಡೆ ಬಿರುಕು ಬಿಟ್ಟಿರುತ್ತದೆ, ಅಲ್ಲಲ್ಲಿ ಒಣಹಿಟ್ಟು ಉದುರುತ್ತಿರುತ್ತದೆ. ನೀರು ಮುಟ್ಟಬೇಡಿ. ಅಂಗೈಯ ಬುಡದಿಂದ ಮುಂದಕ್ಕೆ ತಳ್ಳಿ, ಮಡಚಿ, ಕಾಲು ಸುತ್ತು ತಿರುಗಿಸಿ, ಮತ್ತೆ ತಳ್ಳಿ. ನಾಲ್ಕೈದು ನಿಮಿಷ ಹೀಗೆ ಮಾಡಿದ ಮೇಲೂ ಒಣಹಿಟ್ಟು ಉಳಿದಿದ್ದರೆ ಬೆರಳುಗಳನ್ನು ನೀರಲ್ಲಿ ಅದ್ದಿಕೊಂಡು ನಾದುವುದನ್ನು ಮುಂದುವರಿಸಿ. ಚಮಚದಲ್ಲಿ ನೀರು ಸುರಿಯುವುದಕ್ಕಿಂತ ಒದ್ದೆ ಬೆರಳು ಎಷ್ಟೋ ಸುರಕ್ಷಿತ. ಉಂಡೆ ಕೈಗೆ ಅಂಟುತ್ತಿದ್ದರೆ ಒಂದೊಂದು ಚಮಚದಂತೆ ಹಿಟ್ಟು ಉದುರಿಸಿ. ಮಳೆಗಾಲದ ತೇವದಲ್ಲಿ ಹಿಟ್ಟು ತಾನೇ ತಂಪು ಹೀರಿಕೊಂಡಿರುತ್ತದೆ, ಆಗ 5-10 ಗ್ರಾಂ ಮೊಟ್ಟೆ ಕಡಿಮೆ ಮಾಡಿಯೇ ಶುರುಮಾಡಿ.

ಒಟ್ಟು ನಾದಬೇಕಾದ್ದು ಎಂಟರಿಂದ ಹತ್ತು ನಿಮಿಷ. ಆರೇಳನೇ ನಿಮಿಷದಲ್ಲಿ ಹಿಟ್ಟಿನ ಮೈ ಬದಲಾಗುತ್ತದೆ. ಒರಟು ಹೋಗಿ ಮಂಕಾದ ಹೊಳಪು ಬರುತ್ತದೆ, ಮಣೆ ಚೊಕ್ಕಟವಾಗುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಮೆಲ್ಲಗೆ ಮೇಲೆದ್ದು ಬರಬೇಕು. ಒತ್ತಿದ್ದು ಹಾಗೆಯೇ ಉಳಿದರೆ ನಾದಿದ್ದು ಸಾಲದು, ಬೆರಳಿಗೆ ಹಿಟ್ಟು ಮೆತ್ತಿದರೆ ನೀರು ಹೆಚ್ಚಾಗಿದೆ. ಇನ್ನೂ ಅನುಮಾನವಿದ್ದರೆ ಉಂಡೆಯನ್ನು ಚಾಕುವಿನಿಂದ ಎರಡು ಭಾಗ ಮಾಡಿ. ಒಳಗೆ ಒಣಹಿಟ್ಟಿನ ಬಿಳಿ ಗೆರೆ ಕಾಣಬಾರದು, ದೊಡ್ಡ ದೊಡ್ಡ ತೂತುಗಳೂ ಇರಬಾರದು.

ಫುಡ್ ಪ್ರೊಸೆಸರ್ ಇದ್ದವರು ಹಿಟ್ಟು, ಮೊಟ್ಟೆ ಎರಡನ್ನೂ ಹಾಕಿ ಅರ್ಧ ನಿಮಿಷ ಬಿಟ್ಟುಬಿಟ್ಟು ತಿರುಗಿಸಿ. ಅದು ಉಂಡೆಯಾಗಬಾರದು, ತರಿತರಿಯಾಗಿರಬೇಕು, ಮುಷ್ಟಿಯಲ್ಲಿ ಹಿಡಿದರೆ ಕೂಡಿಕೊಳ್ಳಬೇಕು. ಯಂತ್ರದಲ್ಲೇ ಒಂದೇ ದೊಡ್ಡ ಉಂಡೆಯಾಗಿ ಸುತ್ತತೊಡಗಿದರೆ ಆಗಲೇ ನೀರು ಜಾಸ್ತಿಯಾಗಿದೆ ಎಂದೇ ತಿಳಿಯಿರಿ. ಹೊರತೆಗೆದು ಎರಡು ಮೂರು ನಿಮಿಷ ಕೈಯಲ್ಲಿ ನಾದಿ.

ನಾದಿದ ಉಂಡೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ ಅಥವಾ ಬಟ್ಟಲು ಕವುಚಿ ಅರ್ಧ ಗಂಟೆ ಬಿಡಿ, ಫ್ರಿಜ್ಜಿನ ಹೊರಗೆ. ಇದನ್ನು ಯಾವ ಕಾರಣಕ್ಕೂ ಬಿಡಬಾರದು. ನಾದಿದಾಗ ಗ್ಲೂಟನ್ ರಬ್ಬರಿನಂತೆ ಬಿಗಿದುಕೊಂಡಿರುತ್ತದೆ, ಆಗಲೇ ಲಟ್ಟಿಸಿದರೆ ಹಾಳೆ ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ಅರ್ಧ ಗಂಟೆಯಲ್ಲಿ ಆ ಬಿಗಿ ಸಡಿಲವಾಗುತ್ತದೆ, ತೇವವೂ ಹಿಟ್ಟಿನ ಒಳಕ್ಕೆಲ್ಲ ಸಮನಾಗಿ ಇಳಿಯುತ್ತದೆ. ಒಣಒಣ ಎನಿಸಿದ್ದ ಉಂಡೆ ಬಿಚ್ಚಿ ನೋಡಿದಾಗ ಮೊದಲಿಗಿಂತ ಮೆದುವಾಗಿರುತ್ತದೆ. ನಾದುವಾಗ ನೀರು ಹಾಕಬೇಡಿ ಎಂದದ್ದು ಇದಕ್ಕೇ. ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟರೂ ಕೆಡದು, ಆದರೆ ಬಣ್ಣ ಬೂದಿಗೆ ತಿರುಗುತ್ತದೆ. ಲಟ್ಟಿಸುವ ಅರ್ಧ ಗಂಟೆ ಮೊದಲು ಹೊರಗಿಡಿ.

ಹಾಳೆ ತೆಗೆಯುವುದು

ಉಂಡೆಯನ್ನು ನಾಲ್ಕು ಪಾಲು ಮಾಡಿ. ಒಂದನ್ನು ಕೈಗೆತ್ತಿಕೊಂಡಾಗ ಮಿಕ್ಕ ಮೂರು ಮುಚ್ಚಿಯೇ ಇರಬೇಕು. ಗಾಳಿಗೆ ಬಿಟ್ಟರೆ ಐದೇ ನಿಮಿಷದಲ್ಲಿ ಮೇಲೊಂದು ಸಿಪ್ಪೆ ಕಟ್ಟುತ್ತದೆ, ಆ ಸಿಪ್ಪೆ ಆಮೇಲೆ ಹಾಳೆಯಲ್ಲಿ ಗಂಟುಗಂಟಾಗಿ ಕೂರುತ್ತದೆ.

ಕೈಯಿಂದ ತಿರುಗಿಸುವ ಉರುಳೆ ಯಂತ್ರವಿದ್ದರೆ ಪಾಲನ್ನು ಒಂದು ಸೆಂ.ಮೀ. ದಪ್ಪಕ್ಕೆ ತಟ್ಟಿ, ಅತಿ ಅಗಲದ ಸಂದಿಯಲ್ಲಿ ದಾಟಿಸಿ. ಅತಿ ಅಗಲದ ಸಂದಿಗೆ ಕೆಲವು ಯಂತ್ರಗಳಲ್ಲಿ 0, ಕೆಲವದರಲ್ಲಿ 1, ಇನ್ನು ಕೆಲವದರಲ್ಲಿ ಎಣಿಕೆಯೇ ತಿರುಗುಮುರುಗು. ಆದ್ದರಿಂದ ಅಂಕಿ ನೋಡಬೇಡಿ, ಸಂದಿ ನೋಡಿ. ಹೊರಬಂದ ಹಾಳೆಯನ್ನು ಕಾಗದದಂತೆ ಮೂರು ಮಡಿಕೆ ಮಾಡಿ, ಮಡಿಕೆಯಿಲ್ಲದ ಬದಿಯನ್ನು ಮುಂದೆ ಮಾಡಿ ಅದೇ ಸಂದಿಯಲ್ಲಿ ಮತ್ತೆ ಬಿಡಿ. ನಾಲ್ಕೈದು ಸಲ ಹೀಗೆ ಮಾಡಿದರೆ ಹಾಳೆಯ ಅಂಚು ನೆಟ್ಟಗಾಗಿ, ಮೈ ಚರ್ಮದಂತೆ ನುಣ್ಣಗಾಗುತ್ತದೆ. ಅವಸರದವರು ಬಿಟ್ಟುಬಿಡುವುದು ಈ ಮಡಿಕೆಯನ್ನೇ. ಆಮೇಲೆ ಅಂಚು ಗರಗಸದ ಹಲ್ಲಿನಂತೆ ಬಂತು ಎಂದು ಯಂತ್ರವನ್ನು ಬೈಯುತ್ತಾರೆ.

ನಂತರ ಒಂದೊಂದೇ ಹಂತ ಕಿರಿದು ಮಾಡುತ್ತಾ ಹೋಗಿ, ಹಂತಕ್ಕೆ ಒಂದು ಸಲ. ನಡುವೆ ಒಂದು ಹಂತ ಹಾರಿಸಿದರೆ ಹಾಳೆ ಸುಕ್ಕುಗಟ್ಟುತ್ತದೆ ಅಥವಾ ನಡುವಿಗೆ ಸೀಳುತ್ತದೆ. ಹೊರಬರುವ ಹಾಳೆಯನ್ನು ಎಳೆಯಬೇಡಿ, ಅಂಗೈ ಚಾಚಿ ಆಸರೆ ಕೊಡಿ, ಸಾಕು. ಅರ್ಧ ಮೀಟರ್ ಮೀರಿದರೆ ಎರಡು ತುಂಡು ಮಾಡಿಕೊಳ್ಳಿ. ಅಂಟುವಂತಿದ್ದರೆ ಎರಡೂ ಬದಿಗೆ ತೆಳ್ಳಗೆ ಮೈದಾ ಸವರಿ.

ಎಷ್ಟು ತೆಳ್ಳಗೆ? ತಾಲ್ಯಾತೆಲ್ಲೆ, ಪಪ್ಪಾರ್ಡೆಲ್ಲೆಗಳಂಥ ಪಟ್ಟಿಗಳಿಗೆ ಒಂದು ಮಿ.ಮೀ. ಆಸುಪಾಸು, ಹಾಳೆಯ ಕೆಳಗೆ ಕೈಯಿಟ್ಟರೆ ಬೆರಳ ನೆರಳು ಕಾಣುವಷ್ಟು. ಹೂರಣ ತುಂಬುವ ರವಿಯೋಲಿಗೆ ಇನ್ನೂ ತೆಳ್ಳಗೆ. ಅಂಚಿನಲ್ಲಿ ಎರಡು ಪದರ ಕೂಡುವುದರಿಂದ ಅದು ದಪ್ಪಗಿದ್ದರೆ ಬೇಯದೆ ಹಿಟ್ಟುಹಿಟ್ಟಾಗಿ ಉಳಿಯುತ್ತದೆ. ಕೆಳಗೆ ಅಚ್ಚಾದ ಕಾಗದವಿಟ್ಟರೆ ಅಕ್ಷರ ಓದಲು ಬರಬೇಕು.

ಯಂತ್ರವಿಲ್ಲದೆ ಲಟ್ಟಣಿಗೆಯಲ್ಲೂ ಆಗುತ್ತದೆ, ಹಾಗೆ ಮಾಡಿದ್ದೇ ಮೇಲು ಎನ್ನುವವರೂ ಇದ್ದಾರೆ. ಮರದ ಮಣೆಯ ಮೇಲೆ ಲಟ್ಟಿಸಿದ ಹಾಳೆಗೆ ಕಣ್ಣಿಗೆ ಕಾಣದಷ್ಟು ಒರಟು ಬಂದು ಸಾಸ್ ಚೆನ್ನಾಗಿ ಹಿಡಿಯುತ್ತದೆ. ಉಕ್ಕಿನ ಉರುಳೆಯದು ಅದಕ್ಕಿಂತ ನಯ. ಲಟ್ಟಣಿಗೆ ಉದ್ದವಿರಬೇಕು. ಎಮಿಲಿಯಾದವರು ಬಳಸುವ ಮತ್ತರೆಲ್ಲೊ ಮುಕ್ಕಾಲು ಮೀಟರಿಗೂ ಉದ್ದ. ನಡುವಿನಿಂದ ಹೊರಗೆ ಒತ್ತುತ್ತಾ, ಪ್ರತಿ ಸಲ ಕಾಲು ಸುತ್ತು ತಿರುಗಿಸಿ. ಅಂಚು ದಪ್ಪ, ನಡು ತೆಳ್ಳಗೆ ಆಗುವುದೇ ಇಲ್ಲಿಯ ಮಾಮೂಲಿ ತೊಂದರೆ. ಚಿಕ್ಕ ಲಟ್ಟಣಿಗೆಯಾದರೆ ಚಿಕ್ಕ ಚಿಕ್ಕ ಉಂಡೆ ಮಾಡಿಕೊಳ್ಳಿ.

ಆರಿಸುವುದು, ಕತ್ತರಿಸುವುದು

ಪಟ್ಟಿ ಮಾಡುವುದಾದರೆ ಹಾಳೆಯನ್ನು ಬಟ್ಟೆಯ ಮೇಲೆ ಹರಡಿ ಐದರಿಂದ ಹತ್ತು ನಿಮಿಷ ಆರಲು ಬಿಡಿ. ಮುಟ್ಟಿದರೆ ಅಂಟಬಾರದು, ಮಡಚಿದರೆ ಒಡೆಯಬಾರದು: ಆರಿದ್ದು ಸಾಕೆಂಬುದಕ್ಕೆ ಇವೇ ಗುರುತು. ಫ್ಯಾನ್ ಕೆಳಗಿಟ್ಟು ಮರೆತರೆ ಹಪ್ಪಳದಂತಾಗಿ ಕತ್ತರಿಸುವಾಗ ಪುಡಿಯಾಗುತ್ತದೆ.

ಆರಿದ ಹಾಳೆಗೆ ರವೆ ಉದುರಿಸಿ, ಸಡಿಲವಾಗಿ ಚಪ್ಪಟೆ ಸುರುಳಿ ಸುತ್ತಿ, ಹರಿತ ಚಾಕುವಿನಿಂದ ನೇರ ಕೆಳಕ್ಕೆ ಒತ್ತಿ ಕತ್ತರಿಸಿ. ಕೊಯ್ದಂತೆ ಹಿಂದೆಮುಂದೆ ಎಳೆದರೆ ಪದರಗಳು ಕಚ್ಚಿಕೊಳ್ಳುತ್ತವೆ. ತಾಲ್ಯಾತೆಲ್ಲೆ ಎಷ್ಟು ಅಗಲವಿರಬೇಕೆಂಬುದಕ್ಕೆ ಬೊಲೊನ್ಯಾ ಊರಿನಲ್ಲಿ ದಾಖಲೆಯೇ ಇದೆ. 1972ರ ಏಪ್ರಿಲ್ 16ರಂದು ಅಲ್ಲಿನ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಿಟ್ಟ ಅಳತೆ ಬೆಂದ ಮೇಲೆ 8 ಮಿ.ಮೀ., ಊರಿನ ಅಸಿನೆಲ್ಲಿ ಗೋಪುರದ ಎತ್ತರದ 12,270ನೇ ಒಂದು ಪಾಲು. ಹಸಿಯಾಗಿದ್ದಾಗ 7 ಮಿ.ಮೀ.ಗೆ ಕತ್ತರಿಸಿದರೆ ಬೆಂದು ಅಷ್ಟಕ್ಕೆ ಹಿಗ್ಗುತ್ತದೆ. ಪಪ್ಪಾರ್ಡೆಲ್ಲೆಗೆ ಎರಡರಿಂದ ಮೂರು ಸೆಂ.ಮೀ., ಸಣ್ಣ ತಾಲ್ಯೊಲಿನಿಗೆ ಎರಡು ಮೂರು ಮಿ.ಮೀ.

ಕತ್ತರಿಸಿದ ಕೂಡಲೇ ಸುರುಳಿ ಬಿಡಿಸಿ, ಕೊಡವಿ, ರವೆಯಲ್ಲಿ ಹೊರಳಿಸಿ, ಹಕ್ಕಿಗೂಡಿನಂತೆ ಸುತ್ತಿ ತಟ್ಟೆಯಲ್ಲಿಡಿ. ಇಲ್ಲಿ ಮೈದಾ ಬೇಡ, ರವೆಯೇ ಆಗಬೇಕು. ಮೈದಾ ತೇವ ಹೀರಿ ಗೋಂದಾಗುತ್ತದೆ, ಬೇಯುವ ನೀರನ್ನೂ ರಾಡಿ ಮಾಡುತ್ತದೆ. ರವೆ ಕಾಳುಕಾಳಾಗಿ ನಿಂತು ಎಳೆಗಳನ್ನು ಬಿಡಿಬಿಡಿಯಾಗಿಡುತ್ತದೆ, ಕುದಿ ನೀರಿಗೆ ಬಿದ್ದಾಗ ತಳಕ್ಕೆ ಇಳಿಯುತ್ತದೆ.

ರವಿಯೋಲಿಯ ದಾರಿ ಬೇರೆ. ಹಾಳೆ ಆರಲೇಬಾರದು, ಹಸಿಯಿದ್ದರೆ ಮಾತ್ರ ಅಂಚು ಕೂಡುತ್ತದೆ. ಹೂರಣ ಒಣಗಿರಬೇಕು. ರಿಕೊತ್ತಾ ಚೀಸ್ ಆದರೆ ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ಬಸಿಯಲು ಬಿಡಿ. ಪಾಲಕ್ ಸೇರಿಸುವುದಾದರೆ ಬೇಯಿಸಿ ಮುಷ್ಟಿಯಲ್ಲಿ ಹಿಂಡಿ, ಸಾಕೆನಿಸಿದ ಮೇಲೆ ಇನ್ನೊಂದು ಸಲ ಹಿಂಡಿ. ಒಂದೊಂದು ಚಮಚ ಹೂರಣವಿಟ್ಟು, ಸುತ್ತ ಒದ್ದೆ ಬೆರಳಾಡಿಸಿ, ಮೇಲೆ ಹಾಳೆ ಮುಚ್ಚಿ, ಹೂರಣದ ಬುಡದಿಂದ ಹೊರಕ್ಕೆ ಒತ್ತುತ್ತಾ ಗಾಳಿ ತೆಗೆಯಿರಿ. ರವಿಯೋಲಿ ಬಾಯಿಬಿಡುವುದು ಹೆಚ್ಚಾಗಿ ಒಳಗೆ ಉಳಿದ ಗಾಳಿಯಿಂದ. ಬಿಸಿಗೆ ಗಾಳಿ ಉಬ್ಬಿ ಅಂಚನ್ನು ಬಿಚ್ಚುತ್ತದೆ. ಕೂಡಲೇ ಬೇಯಿಸಿ ಅಥವಾ ಫ್ರೀಜರಿಗೆ ಹಾಕಿ. ಹಾಗೇ ಇಟ್ಟರೆ ತಳ ನೆನೆದು ತಟ್ಟೆಗೆ ಕಚ್ಚುತ್ತದೆ.

ಬೇಯಿಸುವುದು

ನೂರು ಗ್ರಾಂ ಪಾಸ್ತಾಕ್ಕೆ ಒಂದು ಲೀಟರ್ ನೀರು, ಲೀಟರಿಗೆ 10 ಗ್ರಾಂ ಉಪ್ಪು. ಹಿಟ್ಟಿನಲ್ಲಿ ಉಪ್ಪಿಲ್ಲದ ಕಾರಣ ಈ ಉಪ್ಪೇ ರುಚಿ. ನೀರಿಗೆ ಎಣ್ಣೆ ಹಾಕುವ ರೂಢಿ ಬಿಡಿ. ಅದು ಮೇಲೆ ತೇಲುತ್ತದೆ, ಕೆಳಗೆ ಅಂಟಿಕೊಳ್ಳುವ ಎಳೆಗೆ ಅದರಿಂದ ಉಪಯೋಗವಿಲ್ಲ, ಬಸಿಯುವಾಗ ಪಾಸ್ತಾಕ್ಕೆ ಮೆತ್ತಿ ಸಾಸ್ ಜಾರುವಂತೆ ಮಾಡುತ್ತದೆ. ಎಳೆಗಳು ಅಂಟದಂತೆ ಕಾಪಾಡುವುದು ಸಾಕಷ್ಟು ನೀರು, ಜೋರು ಕುದಿ ಮತ್ತು ಮೊದಲ ಅರ್ಧ ನಿಮಿಷ ಕೈಯಾಡಿಸುವುದು.

ಸಾಸ್ ಬಾಣಲೆಯಲ್ಲಿ ಬಿಸಿಯಾಗಿ ಸಿದ್ಧವಾದ ಮೇಲೆಯೇ ಪಾಸ್ತಾ ನೀರಿಗೆ ಬೀಳಬೇಕು, ಏಕೆಂದರೆ ತಾಜಾ ಪಾಸ್ತಾ ಯಾರಿಗೂ ಕಾಯುವುದಿಲ್ಲ. ತಾಲ್ಯಾತೆಲ್ಲೆಗೆ ಎರಡರಿಂದ ಮೂರು ನಿಮಿಷ, ಸಣ್ಣ ಎಳೆಗೆ ಒಂದೂವರೆ, ರವಿಯೋಲಿಗೆ ಮೂರ್ನಾಲ್ಕು (ಮೆಲ್ಲನೆಯ ಕುದಿಯಲ್ಲಿ), ರವೆಯ ಒರೆಕ್ಕಿಯೆತ್ತೆಗೆ ಐದಾರು. ಗಡಿಯಾರಕ್ಕಿಂತ ಹಲ್ಲು ನಂಬಿಕಸ್ತ: ಒಂದು ಎಳೆ ತೆಗೆದು ಕಚ್ಚಿ ನೋಡಿ. ನಡುವೆ ಹಸಿ ಹಿಟ್ಟಿನ ರುಚಿ ಇರಬಾರದು. ಅಂಗಡಿಯ ಒಣ ಪಾಸ್ತಾದ ಗಟ್ಟಿ ನಡುವನ್ನು ಇದರಲ್ಲಿ ಹುಡುಕಬೇಡಿ, ಮೊಟ್ಟೆಯ ಪಾಸ್ತಾದ ಗುಣವೇ ಮೆದು.

ಒಂದು ಲೋಟ ಬೆಂದ ನೀರು ತೆಗೆದಿಟ್ಟು, ಎಳೆಗಳನ್ನು ಇಕ್ಕಳದಲ್ಲಿ ಎತ್ತಿ ನೇರ ಸಾಸಿಗೆ ಹಾಕಿ. ನಲ್ಲಿಯ ಕೆಳಗೆ ತೊಳೆಯಬೇಡಿ. ಸೌಟಿನಷ್ಟು ಆ ನೀರು ಸೇರಿಸಿ ಜೋರು ಉರಿಯಲ್ಲಿ ಅರ್ಧ ನಿಮಿಷ ಕುಲುಕಿದರೆ ನೀರಿನಲ್ಲಿರುವ ಪಿಷ್ಟವು ಬೆಣ್ಣೆಯನ್ನೋ ಎಣ್ಣೆಯನ್ನೋ ಒಡೆಯದಂತೆ ಹಿಡಿದು ಪಾಸ್ತಾಕ್ಕೆ ಹೊದಿಸುತ್ತದೆ. ಮೊದಲ ಸಲ ಮಾಡುವವರು 60 ಗ್ರಾಂ ಬೆಣ್ಣೆ, ತುರಿದ ಪಾರ್ಮೆಸಾನ್ ಚೀಸ್, ಕರಿಮೆಣಸು ಇಷ್ಟರಲ್ಲೇ ನಿಲ್ಲಿಸಿದರೆ ಒಳ್ಳೆಯದು. ಹಿಟ್ಟು ಹೇಗೆ ಬಂದಿದೆಯೆಂದು ಆಗ ನಾಲಿಗೆಗೆ ಗೊತ್ತಾಗುತ್ತದೆ.

ಉಳಿದರೆ

ಹಸಿ ಪಾಸ್ತಾ ಫ್ರಿಜ್ಜಿನಲ್ಲಿ ಒಂದು ದಿನ ನಿಲ್ಲುತ್ತದೆ. ಹೆಚ್ಚು ದಿನಕ್ಕೆ ಫ್ರೀಜರ್ ಮೇಲು: ತಟ್ಟೆಯಲ್ಲಿ ಬಿಡಿಬಿಡಿಯಾಗಿಟ್ಟು ಕಲ್ಲಾದ ಮೇಲೆ ಚೀಲಕ್ಕೆ ತುಂಬಿ, ಒಂದು ತಿಂಗಳೊಳಗೆ ಮುಗಿಸಿ. ಕರಗಿಸದೆ ನೇರ ಕುದಿ ನೀರಿಗೆ ಹಾಕಿ ಒಂದು ನಿಮಿಷ ಹೆಚ್ಚು ಬೇಯಿಸಿ. ಕರಗಿಸಿದರೆ ಬೆವತು ಒಂದೇ ಗಂಟಾಗುತ್ತದೆ. ಮೊಟ್ಟೆ ಹಾಕಿದ ಪಾಸ್ತಾವನ್ನು ಮನೆಯಲ್ಲಿ ಒಣಗಿಸಿ ಡಬ್ಬಿಯಲ್ಲಿಡುವ ಸಾಹಸ ಬೇಡ. ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದಿರುತ್ತದೆ, ಸಾಲ್ಮೊನೆಲ್ಲಾದಂಥ ರೋಗಾಣುಗಳಿಗೆ ಅದು ಹೇಳಿಮಾಡಿಸಿದ ಜಾಗ. ಹಸಿ ಹಿಟ್ಟಿನ ಚೂರುಗಳನ್ನು ಮಕ್ಕಳು ಬಾಯಿಗೆ ಹಾಕಿಕೊಳ್ಳದಂತೆಯೂ ನೋಡಿಕೊಳ್ಳಿ.

ಉರುಳೆ ಯಂತ್ರಕ್ಕೆ ನೀರು ತೋರಿಸಲೇಬೇಡಿ. ಒಳಗೆ ನೀರು ಇಳಿದರೆ ತುಕ್ಕು ಹಿಡಿಯುತ್ತದೆ, ಸಂದಿಯ ಹಿಟ್ಟು ನೆನೆದು ಸಿಮೆಂಟಾಗುತ್ತದೆ. ಒಂದು ಗಂಟೆ ಬಿಟ್ಟರೆ ಅಂಟಿದ ಚೂರುಗಳು ಒಣಗುತ್ತವೆ, ಆಗ ಒಣ ಬ್ರಷ್ಷಿನಿಂದ ಕೊಡವಿದರೆ ತಾವೇ ಉದುರುತ್ತವೆ. ಹೊಸ ಯಂತ್ರವಾದರೆ ಮೊದಲು ಒಂದು ಮುಷ್ಟಿ ಹಿಟ್ಟನ್ನು ಎಲ್ಲ ಸಂದಿಗಳಲ್ಲೂ, ಕತ್ತರಿಸುವ ಹಲ್ಲುಗಳಲ್ಲೂ ದಾಟಿಸಿ ಎಸೆಯಿರಿ. ಕಾರ್ಖಾನೆಯ ಎಣ್ಣೆ ಅದರ ಜೊತೆಗೇ ಬರುತ್ತದೆ, ಹಿಟ್ಟಿನ ಮೇಲೆ ಕಪ್ಪು ಗೆರೆಗಳು ನಿಲ್ಲುವವರೆಗೂ ಹೀಗೇ ಮಾಡಿ.